ಲಾಂಡ್ರಿ, ಮಲ್ಪೆಯಿಂದ ಮೂರು ಮೈಲಿ

ಹಡಗು ಸಣ್ಣದು. ತೊಂಬತ್ತೆರಡು ಮಂದಿ ಯಾತ್ರಿಕರು,
ಅವರ ಕೊಳೆಗೆ ಇಬ್ಬರು: ನಾನು, ರೊಡೆಲ್.
ಕಿಟಕಿ ಒಂದೇ, ದುಂಡಗೆ, ಊಟದ ತಟ್ಟೆಯಷ್ಟು;
ಅಲೆ ಎದ್ದರೆ ಅರ್ಧ ನೀರು.

ಜನವರಿಯಲ್ಲಿ ದಕ್ಷಿಣದ ಹಿಮದಲ್ಲಿದ್ದೆವು.
ಪ್ಯಾಂಟುಗಳ ಮೊಣಕಾಲಲ್ಲೆಲ್ಲ ಪೆಂಗ್ವಿನ್ ಹಿಕ್ಕೆ.
ರೊಡೆಲ್ ಬಿಸಿನೀರಿಗೆ ತಿರುಗಿಸಹೊರಟ, ನಾನು ಕೈ ಹಿಡಿದೆ.
ತಣ್ಣೀರು ಹಾಕು, ಬಿಸಿ ತಾಗಿದರೆ ಕಲೆ ಮನೆ ಮಾಡುತ್ತದೆ.
ಯಾರು ಹೇಳಿದ್ದು, ಅಂದ.
ಅಮ್ಮ. ಅವಳು ಹೇಳಿದ್ದು ಮೀನಿನ ನೆತ್ತರಿಗೆ,
ಅಪ್ಪನ ಲುಂಗಿಯನ್ನು ಕಲ್ಲಿಗೆ ಬಡಿಯುತ್ತ.

ಇವತ್ತು ಬೆಳಿಗ್ಗೆ ಇಲ್ಲಿ ಲಂಗರು ಬಿತ್ತು.
ಅಳಿವೆಯಲ್ಲಿ ಆಳ ಸಾಲದಂತೆ;
ರಬ್ಬರು ದೋಣಿಗಳಲ್ಲಿ ಹತ್ತು ಹತ್ತು ಜನ ಇಳಿದು ಹೋದರು,
ಮೊದಲು ದ್ವೀಪದ ಕಂಬಗಲ್ಲು ನೋಡಲು, ಆಮೇಲೆ ನಮ್ಮ ಧಕ್ಕೆಗೆ.
ಮೈಕಿನಲ್ಲಿ ಕಲ್ಲಿನ ವಯಸ್ಸು ಹೇಳಿದರು, ಕೋಟಿಗಳಲ್ಲಿ.
ನನ್ನ ಪಾಳಿ ಮುಗಿಯುವುದು ಆರಕ್ಕೆ.
ಹಡಗು ಹೊರಡುವುದು ಐದಕ್ಕೆ.

ಕಿಟಕಿಯಲ್ಲಿ ಒಂದು ಹಸಿರು ಗೆರೆ.
ಪಡುಕೆರೆಯ ತೆಂಗೋ, ವಡಭಾಂಡೇಶ್ವರದ್ದೋ?
ನೀರಿನ ಕಡೆಯಿಂದ ಊರು ನೋಡಿದವನು ಅಪ್ಪ, ನಾನಲ್ಲ.
ಗುರುತು ಹತ್ತಲಿಲ್ಲ. ನಾಚಿಕೆಯಾಯಿತು,
ರೊಡೆಲ್‌ಗೆ ಮಾತ್ರ, ಅದೋ ನಮ್ಮ ಮನೆ, ಅಂದುಬಿಟ್ಟೆ.

ಮೂರಕ್ಕೆ ಚೀಲಗಳು ಬಂದವು.
ಇನ್ನೂರ ಏಳು: ಕಾಲುಚೀಲದ ತುಂಬ ಚಿಪ್ಪಿನ ಚೂರು.
ಇನ್ನೂರ ಹನ್ನೊಂದು: ಬಿಳಿ ಅಂಗಿಯ ಎದೆಗೆ ಗಸಿ,
ಬ್ಯಾಡಗಿಯದೇ ಬಣ್ಣ, ಮೂಸಿದರೆ ಹುಳಿ ಕೊಂಚ ಹೆಚ್ಚು.
ಮುನ್ನೂರ ನಾಲ್ಕರ ಹೆಂಗಸಿನ ಲಂಗದ ಅಂಚು
ಒಣಮೀನು ನಾರುತ್ತಿತ್ತು.

ಧಕ್ಕೆಯ ಆ ಕೊನೆಗೆ, ಐಸ್ ಪುಡಿ ಮಾಡುವ ಯಂತ್ರದ ಪಕ್ಕ
ಕೂರುತ್ತಾಳೆ ಜಲಜಕ್ಕ, ಒಣ ನಂಗು ಹರಡಿಕೊಂಡು.
ತಾಗಿದ್ದು ಅವಳ ಚಾಪೆಯೇ ಅಂತೇನಿಲ್ಲ.
ಅಲ್ಲಿ ಮೂವತ್ತು ಚಾಪೆಗಳಿವೆ.

ಕಿಸೆಯಲ್ಲಿ ಸಿಕ್ಕಿದ್ದೆಲ್ಲ ಲಕೋಟೆಗೆ ಹಾಕಿ
ಕ್ಯಾಬಿನ್ ನಂಬರು ಬರೆದು ಹಿಂತಿರುಗಿಸಬೇಕು, ನಿಯಮ.
ಉಡುಪಿಯ ಬಸ್ ಟಿಕೇಟು, ಹತ್ತರ ನೋಟು, ಬಾಡಿದೊಂದು ಸಂಪಿಗೆ:
ಹಾಕಿದೆ, ಬರೆದೆ.
ಲಂಗದ ಹೊಲಿಗೆಗೆ ಅಂಟಿದ್ದ ಹುರುಪೆಯ ಬಗ್ಗೆ
ನಿಯಮ ಏನೂ ಹೇಳುವುದಿಲ್ಲ.

ಮೇಲೆ ಲಂಗರಿನ ಸರಪಳಿ ಎಳೆಯತೊಡಗಿದರು,
ಗೋಡೆಯೆಲ್ಲ ಹಲ್ಲು ಕಡಿದಂತೆ ನಡುಗಿತು.
ಲಂಗ ಇನ್ನೂ ನನ್ನ ಕೈಯಲ್ಲೇ.
ರೊಡೆಲ್ ಯಂತ್ರದ ಬಾಗಿಲು ತೆರೆದು ನಿಂತಿದ್ದ,
ಗುಂಡಿ ತಾನಾಗಿಯೇ ತಣ್ಣೀರಿಗೆ ತಿರುಗಿಸಿ.
ನನ್ನನ್ನು ನೋಡಿದ. ಬಾಗಿಲು ಮುಚ್ಚಿದ.
ಮೊದಲು ಟವೆಲುಗಳು ಆಗಲಿ, ಅಂದ.