ಕೊಸರು

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಬಿಟ್ಟುಕೊಟ್ಟರು.
ನೋಡ್ತೀರಾ? ನಿಮ್ಮದೇ.
ಜೋಳದ ಕಾಳಿನಷ್ಟು ಕತ್ತರಿಸಿಕೊಂಡಿದ್ದರು.
ಹೊಲಿಗೆ ಇನ್ನೂ ಚುರುಗುಟ್ಟುತ್ತಿತ್ತು,
ಕಾಲು ಅಗಲಿಸಿ ಕೂತು ಒಂದು ಕಣ್ಣು ಮುಚ್ಚಿದೆ.

ಗುಲಾಬಿ. ಅಲ್ಲಲ್ಲಿ ನೇರಳೆ.

ಒಂದು ಬೀಜದೊಳಗೆ ನೂರಾರು ಮೀಟರು ನಾಳವಂತೆ,
ಸುತ್ತಿ ಸುತ್ತಿ ಇಟ್ಟಿರುತ್ತದಂತೆ.
ನಗು ಬಂತು.
ಶಿಡ್ಲಘಟ್ಟದ ರೀಲರಿಗೆ ಇದನ್ನ ಹೇಳಬೇಕೆ ಮೇಡಂ,
ಇಪ್ಪತ್ತು ವರ್ಷ ಕುದಿನೀರಿಗೆ ಬೆರಳಿಟ್ಟವನಿಗೆ?
ತುದಿ ಸಿಕ್ಕರೆ ಒಂದು ಗೂಡು ಸಾವಿರ ಮೀಟರು ಬಿಚ್ಚುತ್ತದೆ.
ತುದಿ ಸಿಗಬೇಕು, ಅಷ್ಟೆ.

ಇಲ್ಲಿ ಸಿಗಲಿಲ್ಲ.
ನಾಳಗಳು ಗಾಜುಗಟ್ಟಿವೆ ಎಂದರು,
ಗೋಡೆ ದಪ್ಪ, ಒಳಗೆ ಜಾಗವಿಲ್ಲ.
ಕೆಲವದರಲ್ಲಿ ಸಾಕುವ ಕೋಶಗಳು ಮಾತ್ರ
ಸಾಲಾಗಿ ನಿಂತಿವೆ, ಸಾಕಲಿಕ್ಕೆ ಯಾರೂ ಇಲ್ಲ.
ನಡುನಡುವೆ ಇನ್ಯಾವುದೋ ಕೋಶಗಳ ಗುಂಪು,
ಹರಾಜು ಮುಗಿದರೂ ಗೂಡಿನ ಮಾರ್ಕೆಟ್ಟು ಬಿಟ್ಟುಹೋಗದವರ ಹಾಗೆ.

ಹುಳದ ಶಾಪ, ಕುದಿಸಿ ಕುದಿಸಿ ಕೊಂದಿದ್ದಕ್ಕೆ,
ಅಂದಿದ್ದರು ಚಿಕ್ಕಮ್ಮ.
ಶಾಪವೇನಲ್ಲ. ರಕ್ತದ ಚೀಟಿಯಲ್ಲಿ ಬರೆದಿತ್ತು:
ಗಂಡಸಿಗೆ ಒಂದು ಎಕ್ಸು, ಒಂದು ವೈ.
ನನಗೆ ಎಕ್ಸು ಎರಡು.
ಕಡಿಮೆಯಲ್ಲ ನೋಡಿ, ಹೆಚ್ಚು!
ಸಂತೆಯಲ್ಲಿ ಕೊಸರು ಕೇಳದೆ ಅಮ್ಮ ಒಂದು ಕಟ್ಟು ಸೊಪ್ಪೂ ತಂದವಳಲ್ಲ,
ನನ್ನನ್ನು ತರುವಾಗಲೂ ಕೇಳಿದ್ದಳೇನೋ.

ಆಮೇಲೆ ಒಂದೊಂದೇ ನೆನಪಾಯಿತು.
ನಿನ್ನ ಕಾಲಿಗೆ ಬಟ್ಟೆ ಸಾಲಲ್ಲ ಅಂತ ಪ್ರತಿ ಹಬ್ಬಕ್ಕೂ ಗೊಣಗುವ ಟೈಲರ್ ಜಬೀವುಲ್ಲಾ.
ಗಡ್ಡಕ್ಕೆ ಅರ್ಧ ರೇಟು ತಗೊಳ್ಳುವ ಸೆಲೂನಿನವನು.
ಎಲ್ಲರೂ ಬಾವಿಗೆ ಹಾರುವಾಗ
ಎದೆ ಕಾಣುತ್ತದೆಂದು ಅಂಗಿ ಬಿಚ್ಚದೆ ಮೆಟ್ಟಿಲ ಮೇಲೆ
ಚಪ್ಪಲಿ ಕಾಯುತ್ತಿದ್ದ ನಾನು.

ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕು ಇದ್ದರೂ ಇರಬಹುದು,
ಬಿಡಿಸಿ ಹುಡುಕಬೇಕು, ಖರ್ಚಾಗುತ್ತೆ,
ಸಿಗದೆಯೂ ಹೋಗಬಹುದು ಎಂದರು ಡಾಕ್ಟರಮ್ಮ.
ಪಂಕಜಾಕ್ಷಿ ತಲೆಯಾಡಿಸಿ ಚೀಟಿಗಳನ್ನು ಮಡಚಿ
ಬುತ್ತಿಯ ಚೀಲದಲ್ಲಿ, ಡಬ್ಬಿಯ ಕೆಳಗೆ ಇಟ್ಟಳು.

ಶ್ರೀನಿವಾಸಪುರ ದಾಟುವವರೆಗೂ ಮಾತಿಲ್ಲ.
ಆಮೇಲೆ, ಕಿಟಕಿಯಾಚೆ ನೋಡುತ್ತಲೇ:
ಹಾಗಾದ್ರೆ ನಾಳೆಯಿಂದ ನಂಗೆ ಆ ಕಷಾಯ ಬೇಡ.
ಏಳು ವರ್ಷ. ದಿನಕ್ಕೆ ಎರಡು ಲೋಟ.
ನಾನೇ ಕಾಸಿ ಕೊಡುತ್ತಿದ್ದೆ,
ಕುಡಿದು ಮುಗಿಸುವ ತನಕ ಎದುರು ನಿಂತಿರುತ್ತಿದ್ದೆ.

ಚಿಂತಾಮಣಿಯಲ್ಲಿ ಬೇಯಿಸಿದ ಕಡಲೇಕಾಯಿ ಕೊಂಡಳು.
ಮಾರುವಾಕೆ ಅಳೆದು ಸುರಿದು
ಮೇಲೊಂದು ಹಿಡಿ ಹಾಕಲು ಬಂದಳು.
ಇವಳು ಒಂದು ಗಳಿಗೆ ಸುಮ್ಮನಿದ್ದು
ಸೆರಗು ಒಡ್ಡಿದಳು.
ಬಸ್ಸು ಹೊರಡುವಷ್ಟರಲ್ಲಿ ಅರ್ಧ ಮುಗಿಸಿದ್ದೆವು.