ನಾಲ್ಕು ಅಕ್ಷರ, ನಾಲ್ಕು ಅಂಕಿ

ತರೀಕೆರೆ ತಾಲ್ಲೂಕು ಕಚೇರಿ ಎದುರಿಗೆ
ನನ್ನ ಜೆರಾಕ್ಸ್ ಅಂಗಡಿ.
ಮೊಮ್ಮಗಳು ಫೋನಿಂದ ಕಳಿಸಿದ ಪಿಡಿಎಫ್
ಎರಡೆರಡು ಸಲ ಒತ್ತಿದರೂ ಬರೀ ಬೂದು ಪುಟ,
ನಡುವೆ ಒಂದು ಸಣ್ಣ ಕಿಂಡಿ,
ಪಾಸ್‌ವರ್ಡ್ ಕೇಳುತ್ತ.

"ಹೆಸರಿಂದು ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅಜ್ಜಿ,
ಆಮೇಲೆ ಹುಟ್ಟಿದ ಇಸವಿ."
ದೇವೀರಮ್ಮ, ಅಂದರು.
ಡಿ, ಇ, ವಿ, ಐ. ಸಾಕು ಅಂತು ಕಿಂಡಿ.
ದೇವಿ ಒಳಗೆ ಹೋದಳು, ರಮ್ಮ ಹೊರಗೇ ನಿಂತಳು
ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು.

"ಇಸವಿ?"
"ಬೆಟ್ಟ ಹತ್ತೋ ದಿನ ಹುಟ್ಟಿದ್ದು ಕಣಪ್ಪ.
ನರಕ ಚತುರ್ದಶಿ, ಬೆಳ್ಳಿ ಮೂಡೋ ಹೊತ್ತು.
ಊರೆಲ್ಲ ಬರಿಗಾಲಲ್ಲಿ ಬೆಟ್ಟ ಏರ್ತಿತ್ತಂತೆ,
ನಮ್ಮವ್ವ ಕೆಳಗೆ ಕೊಟ್ಟಿಗೇಲಿ ಕೂಗ್ತಿದ್ಲಂತೆ.
ಅದಕ್ಕೇ ಈ ಹೆಸರು."

ದಿನ ಗೊತ್ತು, ಗಳಿಗೆ ಗೊತ್ತು, ಹೆಸರಿನ ಕಾರಣ ಗೊತ್ತು.
ಕಿಂಡಿ ಕೇಳಿದ್ದು ಅದನ್ನಲ್ಲ.

ತಮ್ಮನಿಗಿಂತ ಎರಡು ರಾಗಿ ಸುಗ್ಗಿ ದೊಡ್ಡವರು.
ತಮ್ಮನದು ಸ್ಕೂಲಿನ ಪುಸ್ತಕದಲ್ಲಿದೆ, ಅರವತ್ತಾರು.
ಅರವತ್ನಾಲ್ಕು ಹೊಡೆದೆ. ತಪ್ಪು.
ಚಿಕ್ಕಮ್ಮನ ಮದುವೇಲಿ ಗ್ಯಾಸ್‌ಲೈಟು ಸಿಡಿದು
ಚಪ್ಪರದ ತುದಿ ಸುಟ್ಟಿದ್ದು ಚೆನ್ನಾಗಿ ನೆನಪಿದೆ,
ಆ ಲಗ್ನಪತ್ರಿಕೆ ಗೆದ್ದಲು ತಿಂದಿದೆ.
ಅರವತ್ಮೂರು, ತಪ್ಪು. ಅರವತ್ತೆರಡು.
ಕಿಂಡಿ ಪ್ರತಿ ಸಲವೂ ಒಂಚೂರು ಅಲ್ಲಾಡುತ್ತೆ,
ತಲೆ ಅಡ್ಡಡ್ಡ ಆಡಿಸಿದ ಹಾಗೆ.
ಹಿಂದೆ ಪಹಣಿ ಹಿಡಿದವನೊಬ್ಬ ಕೆಮ್ಮಿದ.

ಆಗ ನೆನಪಾಯಿತು, ನಾನೂ ಒಂದು ಬೇಸಿಗೆ
ಕಾರ್ಡಿನ ಶಿಬಿರದಲ್ಲಿ ಕೂತವನು.
ಸ್ಕೂಲಿನ ಜಗಲಿ, ಒರೆಸಿ ಒರೆಸಿ ಇಟ್ಟ ಬೆರಳುಗಳು,
ಬಂದರೆ ಬಂತು ಕರೆಂಟು.
ಇಸವಿ ಗೊತ್ತಿಲ್ಲ ಅಂದವರ ಮುಖದ ಗೆರೆ ನೋಡಿ
ಬಾಯಿಗೆ ಬಂದದ್ದು ಹಾಕಿ,
ಜನವರಿ ಒಂದು ಅಂತ ಬಡಿದು,
ನೆಕ್ಸ್ಟ್ ಅಂದಿದ್ದೆ.
ಎಷ್ಟು ಜನಕ್ಕೆ ಹುಟ್ಟುಹಬ್ಬ ಹಂಚಿದೆನೋ.

ಅಜ್ಜಿಯನ್ನು ಕೇಳುವುದು ಬಿಟ್ಟೆ.
ಸಂಜೆ ನಾಲ್ಕೂವರೆ, ಇನ್ನೂ ಊಟ ಆಗಿಲ್ಲ,
ಹೊರಗೆ ಮೂವತ್ತು ಜನ,
ನೀನಾಗಿದ್ದರೆ ಏನು ಹಾಕುತ್ತಿದ್ದೆ?

ಅರವತ್ತು.

ಪುಟ ಬಿಚ್ಚಿಕೊಂಡಿತು ಮೇಲಿಂದ ಕೆಳಕ್ಕೆ,
ಸುತ್ತಿಟ್ಟ ಚಾಪೆಯ ಹಾಗೆ, ತಡೆದು ತಡೆದು.
ಮೊದಲು ಬಾವುಟದ ಬಣ್ಣ, ಆಮೇಲೆ ಫೋಟೊ:
ಯಾರಿಗೋ ಬೈಯಲು ಬಾಯಿ ತೆರೆದು
ಅಷ್ಟರಲ್ಲೇ ಸಿಕ್ಕಿಬಿದ್ದ ಮುಖ.

"ಇದ್ಯಾವ ದಿನ ಬರ್ದಿರೋದು?"
"ಜನವರಿ ಒಂದು, ಅಜ್ಜಿ."
"ಅವತ್ತು ಬೆಟ್ಟದ ಮೇಲೆ ಯಾರೂ ಇರಲ್ಲ ಕಣೋ."
ಸೆರಗು ಬಾಯಿಗಿಟ್ಟು ಒಂದಿಷ್ಟು ಹೊತ್ತು ನಕ್ಕರು,
ಹಾಳೆಗೆ ಹತ್ತು ರೂಪಾಯಿ ಎಣಿಸಿದರು.
"ಇವಳನ್ನ ಏನ್ ಮಾಡ್ತೀಯ?"
ತೆರೆಯತ್ತ ಬೆರಳು ತೋರಿಸಿದರು.
"ಅಳಿಸಿಬಿಡ್ತೀನಿ."
"ಬ್ಯಾಡ, ಪಾಪ. ಮುಚ್ಚು ಸಾಕು, ಒಳಗಿರ್ಲಿ."

ಮುಚ್ಚಿದೆ. ಅವರು ಬೀದಿ ದಾಟುವವರೆಗೆ ಕಾದು
ಅಳಿಸಿದೆ.
ಪಹಣಿಯವನು ಮುಂದೆ ಬಂದ.
ಅವನದೂ ತೆರೆಯುತ್ತಿಲ್ಲವಂತೆ.