ಕಾಗಿ ಎಂಜಲ

ಪೇರಲಹಣ್ಣ ಅಂಗಿ ಅಂಚಿನಾಗ ಸುತ್ತಿ ಕಚ್ಚಿದರ
ಅದು ಕಾಗಿ ಎಂಜಲ, ದೋಷ ಇಲ್ಲ.
ನಾ ಸುತ್ತಲಿಲ್ಲ. ಸಾಲಿ ಗಂಟಿ ಹೊಡದಿತ್ತು,
ಹಂಗೇ ಕಚ್ಚಿ ಅರ್ಧ ಕೊಟ್ಟೆ.
ಭೀಮಶಾ ತಿಂದ.

ಮುಂದಿನ ತಿಂಗಳು ಇಬ್ಬರಿಗೂ ಜ್ವರ, ಕೊಳ್ಳಾಗ ಬಾವು.
ಅವ್ವ ಒಂದೇ ದುಪ್ಪಟಿ ಹೊಚ್ಚಿ
ಸುಣ್ಣ ಬೆಲ್ಲ ಹಚ್ಚಿದಳು.
ಮರತುಬಿಟ್ಟಿವಿ.

ಮೈ ಮರತಿಲ್ಲ ಅಂತಾರ ಈಗ
ಸೇಡಂ ರಸ್ತೆ ಆಸ್ಪತ್ರಿಯ ಡಾಕ್ಟರ್ ನುಸ್ರತ್.
ಆ ವೈರಸ್ಸು ಹೋಗಂಗಿಲ್ಲ, ಮಲಗತದ.
ಭೀಮಶಾಗ ಹೆಂಡತಿ ಕಿಡ್ನಿ ಕೊಟ್ಟಾಳ.
ಬಂದ ಕಿಡ್ನಿನ ಹೊರಗಿಂದು ಅಂತ ಓಡಿಸಬಾರದಲ್ಲ,
ಗುಳಿಗಿ ಕೊಟ್ಟು ಕಾವಲಿನವರನ್ನ ಮಲಗಿಸ್ಯಾರ.
ಕಾವಲು ಮಲಗಿತು, ಕಳ್ಳ ಎದ್ದ.
ಕೊಳ್ಳಾಗ ಗಂಟು, ಬಗಲಾಗ ಗಂಟು.

‘ನಿಮ್ಮ ಕೆಲಸ ಏನ್ರಿ?’
ಕಂಡಕ್ಟರ್. ಆಳಂದ ಗಾಡಿ.
‘ಹಂಗಾದ್ರ ಹೇಳೂದು ಸಸಾರ.
ಮೈಯಾಗಿನ ಒಂದೊಂದು ಕೋಶನೂ ಒಳಗೇನದ ಅಂತ
ಒಂದು ಚೂರು ಕಿಟಕಿಗೆ ಹಿಡದು ತೋರಸತದ, ಟಿಕೇಟಿನಂಗ.
ಆ ಒಂದೇ ಖೊಟ್ಟಿ ಟಿಕೇಟು ಗುರ್ತು ಹಿಡಿಯೂ ಮಂದಿ
ನಿಮ್ಮ ರಕ್ತದಾಗ ಅದಾರ,
ಸಾವಿರದಾಗ ಒಬ್ಬರೋ ಇಬ್ಬರೋ.
ಅವರನ್ನ ಆರಿಸಿ, ಬೆಳಸಿ, ತಮ್ಮಗ ಕೊಡ್ತೀವಿ.
ಹೊಂದಬೇಕು ನೋಡ್ರಿ, ಅರ್ಧರೆ.’

ಹೊಂದಿತು.
ಅವ್ವನ ಬೋರಮಾಳದ ವ್ಯಾಜ್ಯಕ್ಕ
ನಾವಿಬ್ಬರೂ ಮಾತು ಬಿಟ್ಟು ಐದು ವರ್ಷ.
ರಕ್ತಕ್ಕ ಅದು ಯಾರೂ ಹೇಳಿಲ್ಲ ಕಾಣಸ್ತದ.

ಥರ್ಮೋಕೋಲ್ ಡಬ್ಬಿಯಾಗ ಮುಂಬೈ ಗಾಡಿ ಹತ್ತಿ ಹೋತು,
ಇಪ್ಪತ್ತು ದಿನಕ್ಕ ಬರ್ಫಾಗಿ ಬಂತು,
ಅರ್ಧ ಕಪ್ಪು ಚಾ ಆಗೂವಷ್ಟು. ಇಷ್ಟೇನಾ ಅಂದೆ.
ಹನಿ ಇಳಿಯೂ ಹೊತ್ತಿನಾಗ ಖೋಲಿ ತುಂಬ ಬಳ್ಳೊಳ್ಳಿ ವಾಸನಿ,
ಕೆಡದಂಗ ಹಾಕಿದ ಔಷಧದ್ದಂತ.
‘ಅವ್ವ ಒಗ್ಗರಣಿ ಹಾಕಲಾಕತ್ತಾಳ’ ಅಂದ ಭೀಮಶಾ,
ಕಣ್ಣು ತೆರೀದೇ.
ನನಗ ಅಂದನೋ, ಗ್ವಾಡಿಗೆ ಅಂದನೋ.

ಗಂಟು ಕರಗತಾವೋ ಇಲ್ಲೋ, ಕಾಯಬೇಕು.
ಎಲ್ಲರಿಗೂ ಗುಣ ಬರಂಗಿಲ್ಲ, ಅದನ್ನೂ ಹೇಳ್ಯಾರ.
ಇವತ್ತು ಡ್ಯೂಟಿ. ಗಾಡಿ ಕಡಗಂಚಿ ದಾಟೇದ.
ಹಿಂದಿನ ಸೀಟಿನಾಗ ಇಬ್ಬರು ಸಾಲಿ ಹುಡುಗರು,
ಒಂದು ಚಿಕ್ಕಿ, ಅಂಗಿ ಅಂಚು ಬಾಯಾಗ.
ಏನೋ ಅನ್ನಬೇಕಂತ ಹತ್ರ ಹೋದೆ.
ಮಷೀನು ಎರಡು ಅರ್ಧ ಟಿಕೇಟು ಉಗುಳಿತು.